ಬೂಸ್ಟ್ ಇಳಿಸಬೇಕೇ, ಕಿಡಿ ತಡ ಮಾಡಬೇಕೇ? ಶಿರಾಡಿ ಹತ್ತುವಾಗ ನಾಕ್ ಆಗುತ್ತಿರುವ ಟರ್ಬೊ ಪೆಟ್ರೋಲ್ ಕಾರು

ಘಟ್ಟದಾರಿ

ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಡೈರೆಕ್ಟ್ ಇಂಜೆಕ್ಷನ್, 68,000 ಕಿ.ಮೀ. ಓಡಿದೆ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿದೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಕೋಷ್ಟಕಗಳನ್ನು ಬದಲಿಸಿದೆ. ಕಂಪನಿಯ ಮ್ಯಾಪಿನಲ್ಲಿ ಸುಮಾರು 1.8 ಬಾರ್ ಇದ್ದ, ಟರ್ಬೊ ಅದುಮಿ ಕಳುಹಿಸುವ ಗಾಳಿಯ (ಬೂಸ್ಟ್) ಒಟ್ಟು ಒತ್ತಡವನ್ನು, ಹೊರಗಾಳಿಯ ಒತ್ತಡವೂ ಸೇರಿ, ಈಗ 2.2 ಬಾರ್‌ಗೆ ಏರಿಸಲಾಗಿದೆ. ನಗರದಲ್ಲಿ 100 ಆಕ್ಟೇನ್ ಪೆಟ್ರೋಲ್ (ಆಕ್ಟೇನ್ ಹೆಚ್ಚಿದಷ್ಟು ನಾಕ್ ಕಡಿಮೆ) ಹಾಕಿಸಿ ಓಡಿಸುವಾಗ ಒಂದು ದೂರೂ ಇಲ್ಲ.

ಕಳೆದ ಭಾನುವಾರ ಮಂಗಳೂರಿನಿಂದ ವಾಪಸ್ ಬರುವಾಗ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಿತ್ತು. ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ತುಂಬಿಸಿದೆ. ಗುಂಡ್ಯ ದಾಟಿದ ಮೇಲೆ ಲಾರಿಗಳ ಸಾಲು, ಆಮೆಗತಿ. ಮಾರನಹಳ್ಳಿಯ ಹತ್ತಿರ ಜಾಗ ಸಿಕ್ಕಿತೆಂದು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ತಗಡಿನ ಡಬ್ಬದಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದಂಥ ಸದ್ದು, ಎರಡು ಕ್ಷಣ. ಅದೇ ನಾಕ್, ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿಯುವ ಸದ್ದು. ಆಮೇಲೆ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದಂತೆ ಕಾರು ಮಂಕಾಯಿತು. ಪಕ್ಕದಲ್ಲಿ ಕುಳಿತಿದ್ದ ತಮ್ಮ ಮೊಬೈಲಿನಲ್ಲಿ ಲಾಗ್ (ಎಂಜಿನ್ ಅಂಕಿಗಳ ದಾಖಲೆ) ತೆಗೆಯುತ್ತಿದ್ದ. 4,000 ಆರ್‌ಪಿಎಂನಲ್ಲಿ ಒಟ್ಟು ಒತ್ತಡ 2.18 ಬಾರ್. ಒಳಗೆ ಹೋಗುವ ಗಾಳಿಯ ಉಷ್ಣತೆ 64 ಡಿಗ್ರಿ. ಮ್ಯಾಪ್ ಕೇಳಿದ್ದು 8 ಡಿಗ್ರಿ ಮುಂಚಿನ ಕಿಡಿ, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 8 ಡಿಗ್ರಿ ತಿರುಗಬೇಕಿರುವಾಗ. ಮೂರನೇ ಸಿಲಿಂಡರಿನಲ್ಲಿ ಇಸಿಯು ಅದನ್ನು 7.5 ಡಿಗ್ರಿ ಹಿಂದಕ್ಕೆ ತಳ್ಳಿದೆ. ಅಂದರೆ ಉಳಿದದ್ದು ಅರ್ಧ ಡಿಗ್ರಿ.

ಟ್ಯೂನರ್ ಹೇಳುತ್ತಾರೆ: ಬೂಸ್ಟ್ ಹಾಗೆಯೇ ಇರಲಿ, ಟೈಮಿಂಗ್ ಅನ್ನು ಎಲ್ಲ ಕಡೆ 4 ಡಿಗ್ರಿ ತಡ ಮಾಡೋಣ. ಗೆಳೆಯನೊಬ್ಬ ಹೇಳುತ್ತಾನೆ: ಟೈಮಿಂಗ್ ಮುಟ್ಟಬೇಡ, ಬೂಸ್ಟ್ ಇಳಿಸು. ಯಾವುದು ಸರಿ? ಈ ಎಂಜಿನ್ ಇನ್ನೂ ಹತ್ತು ವರ್ಷ ಬಾಳಬೇಕು ಎಂಬುದು ನನ್ನ ಆಸೆ.

ಬೂಸ್ಟ್ ಪ್ರಿಯ

ನಿಮ್ಮ ಟ್ಯೂನರ್ ಹೇಳಿದ್ದೇ ಸರಿ. ಒತ್ತಡ ಎಂದರೆ ಗಾಳಿ, ಗಾಳಿ ಎಂದರೆ ಶಕ್ತಿ. ಬೂಸ್ಟ್ ಶೇಕಡ 10ರಷ್ಟು ಇಳಿಸಿದರೆ ಟಾರ್ಕ್ (ತಿರುಗಿಸುವ ಬಲ) ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಕಿಡಿಯನ್ನು ಉತ್ತಮ ಬಿಂದುವಿನಿಂದ ಮೂರು ನಾಲ್ಕು ಡಿಗ್ರಿ ತಡ ಮಾಡಿದರೆ ಹೋಗುವುದು ಶೇಕಡ ಒಂದೆರಡು ಮಾತ್ರ. ಲೆಕ್ಕ ಸ್ಪಷ್ಟವಾಗಿದೆ. ಟರ್ಬೊ ಹಾಕಿಸಿಕೊಂಡು ಬೂಸ್ಟ್ ಇಳಿಸುವುದು ಹೊಳೆಯ ದಂಡೆಯಲ್ಲಿ ಕುಳಿತು ಬಾಯಾರಿದಂತೆ.

ಹಾಸನ ಹೈವೇ

ಮೊದಲು ಆ ಪೆಟ್ರೋಲ್ ಖಾಲಿ ಮಾಡಿ. ಅಲ್ಲಿಯವರೆಗೆ ಪೆಡಲನ್ನು ಅರ್ಧಕ್ಕಿಂತ ಹೆಚ್ಚು ಒತ್ತಬೇಡಿ.

ಡೈನೊ ಕೋಣೆ

ಬೂಸ್ಟ್ ಪ್ರಿಯ ಅವರ ಲೆಕ್ಕ ಅರ್ಧ ಸತ್ಯ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಟಾರ್ಕ್ ಅತ್ಯುತ್ತಮವಾಗಿರುವ ಕಿಡಿಯ ಬಿಂದುವಿನ ಸುತ್ತ ರೇಖೆ ಬಹುತೇಕ ಸಮತಟ್ಟು. ಅಲ್ಲಿಂದ ನಾಲ್ಕು ಡಿಗ್ರಿ ಸರಿದರೆ ನಷ್ಟ ಅಲ್ಪ. ಇದು ನಿಜವಾಗಿರುವುದರಿಂದಲೇ ಟರ್ಬೊ ಎಂಜಿನ್‌ಗಳು ಬದುಕಿವೆ. ಸ್ವಲ್ಪ ಕಿಡಿ ಬಿಟ್ಟುಕೊಟ್ಟು ಬಹಳಷ್ಟು ಗಾಳಿ ಪಡೆಯುತ್ತೇವೆ.

ಆದರೆ ಈ ಕಾರು ಸಮತಟ್ಟಿನ ಮೇಲೆ ಇಲ್ಲ. 2.2 ಬಾರ್ ತುಂಬಿದ, ಕಂಪ್ರೆಷನ್ ಅನುಪಾತ ಹೆಚ್ಚಿರುವ ಎಂಜಿನ್‌ಗೆ 8 ಡಿಗ್ರಿ ಎಂದರೆ ಆಗಲೇ ಉತ್ತಮ ಬಿಂದುವಿನಿಂದ ಬಹಳ ಕೆಳಗೆ, ಇಳಿಜಾರಿನಲ್ಲಿ ನಿಂತಿದೆ. ಅಲ್ಲಿಂದ ಇನ್ನೂ ನಾಲ್ಕು ಕಳೆದರೆ ನಷ್ಟ ಶೇಕಡ ಒಂದೆರಡರಲ್ಲಿ ನಿಲ್ಲುವುದಿಲ್ಲ. ರೇಖೆ ಬಾಗುತ್ತಾ ಹೋಗುತ್ತದೆ, ಪ್ರತಿ ಮುಂದಿನ ಡಿಗ್ರಿ ಹಿಂದಿನದಕ್ಕಿಂತ ದುಬಾರಿ.

ಎರಡನೆಯದು, ತಡವಾದ ಕಿಡಿಯ ಶಾಖ ಎಲ್ಲಿಗೆ ಹೋಗುತ್ತದೆ? ಪಿಸ್ಟನ್ ಕೆಳಗೆ ಓಡುತ್ತಿರುವಾಗ ಉರಿ ಇನ್ನೂ ನಡೆದಿರುತ್ತದೆ. ಪಿಸ್ಟನ್ನಿಗೆ ಸಿಗಬೇಕಾದ ಶಕ್ತಿ ಎಕ್ಸಾಸ್ಟ್ ಕವಾಟದ ಮೂಲಕ ಟರ್ಬೈನಿಗೆ ಹೋಗುತ್ತದೆ. ಪೆಟ್ರೋಲ್ ಕಾರುಗಳ ಟರ್ಬೈನಿಗೆ ಸಾಮಾನ್ಯವಾಗಿ 950ರಿಂದ 1,050 ಡಿಗ್ರಿಯ ಮಿತಿ ಇಡುತ್ತಾರೆ. ಮಿತಿ ಹತ್ತಿರವಾದಂತೆ ಇಸಿಯು ತಂಪು ಮಾಡಲು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಅಂದರೆ ಶಕ್ತಿ ಕೊಡದ ಇಂಧನಕ್ಕೆ ದುಡ್ಡು ಕೊಟ್ಟು ಟರ್ಬೈನ್, ಮ್ಯಾನಿಫೋಲ್ಡ್, ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೀರಿ.

ಡೈನೊ (ಕಾರನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ನಾನು ಮಾಡುವ ಕೆಲಸ ಇದು. ಬೂಸ್ಟ್ ಅನ್ನು 0.1 ಬಾರ್‌ನಂತೆ ಏರಿಸುತ್ತೇನೆ. ಪ್ರತಿ ಹಂತದಲ್ಲಿ ನಾಕ್ ಆಗದಷ್ಟು ಮುಂಚೆ ಕಿಡಿ ಇಟ್ಟು ಟಾರ್ಕ್ ಅಳೆಯುತ್ತೇನೆ. ಆರಂಭದಲ್ಲಿ ಪ್ರತಿ ಹಂತಕ್ಕೂ ಟಾರ್ಕ್ ಚೆನ್ನಾಗಿ ಏರುತ್ತದೆ. ಒಂದು ಹಂತದಲ್ಲಿ ಬೂಸ್ಟ್ ಏರಿದರೂ ಟಾರ್ಕ್ ಏರುವುದಿಲ್ಲ, ಎಕ್ಸಾಸ್ಟ್ ಉಷ್ಣತೆ ಮಾತ್ರ ಏರುತ್ತದೆ. ಆ ಪೆಟ್ರೋಲಿಗೆ, ಆ ಗಾಳಿಗೆ, ಆ ಎಂಜಿನ್‌ನ ಮೇಲ್ಮಿತಿ ಅದು. ಅಲ್ಲಿಂದ 0.1 ಬಾರ್ ಹಿಂದೆ ಬಂದು ನಿಲ್ಲಿಸುತ್ತೇನೆ.

ಘಟ್ಟದಾರಿ ಅವರೇ, ನಿಮ್ಮ ಮ್ಯಾಪ್ ತಂಪು ಬೆಳಿಗ್ಗೆಯ, 100 ಆಕ್ಟೇನಿನ, ಒಂದೇ ಓಟದ ಮ್ಯಾಪ್ ಎಂದು ನನ್ನ ಅಂದಾಜು. ಬೂಸ್ಟ್ ಇಳಿಸಿ, ಕಿಡಿಯನ್ನು ಸ್ವಲ್ಪ ಮುಂದಕ್ಕೆ ತನ್ನಿ.

ಬೂಸ್ಟ್ ಪ್ರಿಯ

ಇಳಿಜಾರಿನಲ್ಲಿದೆ ಎಂದು ಲಾಗಿನ ಒಂದೇ ಸಾಲು ನೋಡಿ ಹೇಗೆ ಹೇಳುತ್ತೀರಿ? ಪ್ರತಿ ಎಂಜಿನ್ ಬೇರೆ. ದಹನಕೋಶದ ಆಕಾರ ಚೆನ್ನಾಗಿ, ಗಾಳಿ ಸುಳಿಸುಳಿಯಾಗಿ ಒಳಬಂದರೆ ಉರಿ ಬೇಗ ಹರಡುತ್ತದೆ, ಕಡಿಮೆ ಅಡ್ವಾನ್ಸ್ (ಕಿಡಿಯನ್ನು ಮುಂಚೆ ಹಾರಿಸುವುದು) ಸಾಕಾಗುತ್ತದೆ. ಬೂಸ್ಟ್ ಹೆಚ್ಚಾದಾಗಲೂ ಹಾಗೆಯೇ. 8 ಡಿಗ್ರಿ ಎಂಬ ಅಂಕಿಯನ್ನು ನೋಡಿಯೇ ಹೆದರಬೇಕಿಲ್ಲ.

ಡೈನೊ ಕೋಣೆ

8 ಡಿಗ್ರಿಗೆ ಹೆದರುತ್ತಿಲ್ಲ. ಅರ್ಧ ಡಿಗ್ರಿಗೆ ಹೆದರುತ್ತಿದ್ದೇನೆ.

ಕಲಿಯುವವ

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಒಂದು ಮೂಲಭೂತ ಪ್ರಶ್ನೆ. ಕಿಡಿ ತಡ ಮಾಡಿದರೂ ನಾಕ್ ನಿಲ್ಲುತ್ತದೆ, ಬೂಸ್ಟ್ ಇಳಿಸಿದರೂ ನಿಲ್ಲುತ್ತದೆ. ಎರಡೂ ಒಂದೇ ಕೆಲಸ ಮಾಡುತ್ತವೆಯೇ?

ಹಳೆಯ ಪಿಸ್ಟನ್

ತಮ್ಮಾ, ಒಂದೇ ಅಲ್ಲ. ಕಿಡಿ ಹಾರಿದ ಮೇಲೆ ಜ್ವಾಲೆ ಪ್ಲಗ್ಗಿನಿಂದ ಗೋಡೆಯ ಕಡೆಗೆ ಹರಡುತ್ತದೆ. ಮೂಲೆಯಲ್ಲಿ ಉಳಿದಿರುವ ಮಿಶ್ರಣವನ್ನು ಈ ಉರಿ ಇನ್ನಷ್ಟು ಅದುಮುತ್ತದೆ, ಕಾಯಿಸುತ್ತದೆ. ಜ್ವಾಲೆ ಅಲ್ಲಿಗೆ ತಲುಪುವ ಮೊದಲೇ ಅದು ತಾನಾಗಿ ಸಿಡಿದರೆ ಅದೇ ನಾಕ್. ಕಿಡಿ ತಡ ಮಾಡಿದಾಗ ಪಿಸ್ಟನ್ ಕೆಳಗಿಳಿಯಲು ಶುರು ಮಾಡಿರುತ್ತದೆ, ಜಾಗ ಹಿಗ್ಗುತ್ತದೆ, ಮೂಲೆಯ ಮಿಶ್ರಣದ ಮೇಲಿನ ಒತ್ತಡದ ತುದಿ ತಗ್ಗುತ್ತದೆ. ಬೂಸ್ಟ್ ಇಳಿಸಿದಾಗ ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆ ಮತ್ತು ತಂಪು. ಮೊದಲನೆಯದು ಬೆಂಕಿ ಹತ್ತಿದ ಮೇಲಿನ ಜಾಗ್ರತೆ. ಎರಡನೆಯದು ಒಲೆಗೆ ಇಡುವ ಸೌದೆಯನ್ನೇ ಕಡಿಮೆ ಮಾಡುವುದು.

ನಾನು ಹುಬ್ಬಳ್ಳಿಯಲ್ಲಿ 26 ವರ್ಷಗಳಿಂದ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ಸಣ್ಣ ಟರ್ಬೊ ಕಾರನ್ನು ಎಳೆದು ತಂದರು. ಎಲ್ಲೋ ಇಂಟರ್‌ನೆಟ್ಟಿನಲ್ಲಿ ಕೊಂಡ ಮ್ಯಾಪ್. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಾಗಲೇ ನನಗೆ ಗೊತ್ತಾಯಿತು. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿ, ನಡುನಡುವೆ ಬೆಳ್ಳಿಯಂತೆ ಹೊಳೆಯುವ ಸಣ್ಣ ಹನಿಗಳು. ಆ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಂ. ಹೆಡ್ ತೆಗೆದು ಪಿಸ್ಟನ್ ಹೊರಗೆಳೆದರೆ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಗೋಡೆ ಒಡೆದು ಉಗುರಿನಷ್ಟು ತುಂಡು ಕೈಗೆ ಬಂತು. ಸಿಲಿಂಡರ್ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಗೀರು. ಹುಡುಗ ಪಕ್ಕದಲ್ಲಿ ನಿಂತು ಅಳುತ್ತಿದ್ದ. ಮೂರು ತಿಂಗಳಿನಿಂದ ‘ಸ್ವಲ್ಪ ಕಟಕಟ ಸದ್ದು ಬರುತ್ತಿತ್ತು’ ಎಂದು ಆಗ ಹೇಳಿದ.

ಘಟ್ಟದಾರಿ ಅವರೇ, ನಿಮಗೆ ಕೇಳಿದ ಆ ಎರಡು ಕ್ಷಣದ ಸದ್ದು ಒಂದು ಎಚ್ಚರಿಕೆ. ಪ್ಲಗ್‌ಗಳನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಈ ವಾರವೇ.

ಮಿಷಿಗನ್ ಕನ್ನಡಿಗ

ಒಂದು ವಿಷಯ ಇಲ್ಲಿ ಯಾರೂ ಕೇಳಲಿಲ್ಲ. ಆ ಮ್ಯಾಪ್ ಮೂಲತಃ ಯಾವ ದೇಶದ ಪೆಟ್ರೋಲಿಗೆ ಬರೆದದ್ದು? ಅಮೆರಿಕದ ಬಂಕಿನಲ್ಲಿ ಬರೆದಿರುವ 91, 93 ಎಂಬ ಅಂಕಿಗಳು ಭಾರತದ ಅಂಕಿಗಳಲ್ಲ. ಇಲ್ಲಿ ರಿಸರ್ಚ್ ಮತ್ತು ಮೋಟಾರ್ ಎಂಬ ಎರಡು ವಿಧಾನದ ಆಕ್ಟೇನ್‌ಗಳ ಸರಾಸರಿ ಬರೆಯುತ್ತಾರೆ. ಭಾರತದಲ್ಲೂ ಯುರೋಪಿನಲ್ಲೂ ಬರೆಯುವುದು ರಿಸರ್ಚ್ ಅಂಕಿ ಮಾತ್ರ. ಇಲ್ಲಿನ 93 ಸುಮಾರು ಅಲ್ಲಿನ 98ಕ್ಕೆ ಸಮ. ‘93ಕ್ಕೆ ಮಾಡಿದ ಮ್ಯಾಪ್, ನಾನು 95 ಹಾಕುತ್ತಿದ್ದೇನೆ, ಇನ್ನೂ ಒಳ್ಳೆಯದು’ ಎಂದು ಭಾರತದ ಗೆಳೆಯರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅವರು ಮೂರು ಅಂಕಿ ಹಿಂದೆ ಇದ್ದಾರೆ. ಜರ್ಮನಿಯಲ್ಲಿ ಬರೆದ ಬಹಳಷ್ಟು ಮ್ಯಾಪ್‌ಗಳಿಗೂ 98ರ ಪೆಟ್ರೋಲೇ ಆಧಾರ.

ಹಾಸನ ಹೈವೇ

ಇದನ್ನು ಈ ವೇದಿಕೆಯ ಮೇಲ್ತುದಿಯಲ್ಲಿ ಅಂಟಿಸಿಡಬೇಕು. ನಾನೇ ಎರಡು ವರ್ಷ ಇದೇ ತಪ್ಪು ತಿಳಿವಳಿಕೆಯಲ್ಲಿದ್ದೆ.

ಕಡಲತೀರ

ಈಗ ಸಾಮಾನ್ಯ ಪೆಟ್ರೋಲಿನಲ್ಲೂ ಶೇಕಡ 20 ಎಥನಾಲ್ ಇದೆಯಲ್ಲ? ಎಥನಾಲಿನ ಆಕ್ಟೇನ್ 108ರ ಆಸುಪಾಸು. ಹಾಗಿದ್ದರೆ ನಾಕ್ ಕಡಿಮೆಯಾಗಬೇಕಿತ್ತು.

ಡೈನೊ ಕೋಣೆ

ಒಳ್ಳೆಯ ಪ್ರಶ್ನೆ. ಎಥನಾಲ್ ನಾಕ್ ವಿರುದ್ಧ ನಿಜಕ್ಕೂ ಸಹಾಯಕ. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ, ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಆ ತಂಪು ನೇರ ಸಿಲಿಂಡರಿನೊಳಗೇ ಸಿಗುತ್ತದೆ. ಬಿಎಸ್‌-6 ಸಾಮಾನ್ಯ ಪೆಟ್ರೋಲ್ 91 ಇದ್ದದ್ದು ಇ20ಯಲ್ಲಿ 95ಕ್ಕೆ ಬಂದಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಆದರೂ 100ಕ್ಕೆಂದು ಕೊನೆಯ ಅಂಚಿಗೆ ತಂದ ಮ್ಯಾಪಿಗೆ 95 ಸಾಲದು.

ಇನ್ನೊಂದು ಬಲೆಯಿದೆ. ಶುದ್ಧ ಪೆಟ್ರೋಲಿಗೆ ಒಂದು ಕಿಲೋ ಇಂಧನಕ್ಕೆ 14.7 ಕಿಲೋ ಗಾಳಿ ಸಾಕು. ಎಥನಾಲಿಗೆ 9 ಮಾತ್ರ, ಇ20ಗೆ ಸುಮಾರು 13.5. ಹಳೆಯ ಇಂಜೆಕ್ಟರ್ ಮತ್ತು ಪಂಪ್ ಆಗಲೇ ಮಿತಿಯಲ್ಲಿದ್ದರೆ ಪೂರ್ತಿ ಬೂಸ್ಟಿನಲ್ಲಿ ಇಂಧನ ಸಾಲದೆ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ, ಹೆಚ್ಚು ಬೂಸ್ಟ್, ಬಿಸಿ ಗಾಳಿ, ಮೂರೂ ಸೇರಿದರೆ ಟೈಮಿಂಗ್ ಎಷ್ಟು ಇಳಿಸಿದರೂ ಕಾಪಾಡುವುದು ಕಷ್ಟ. ಲಾಗಿನಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತದ ಅಳತೆ) ಮತ್ತು ಇಂಧನ ರೈಲಿನ (ಇಂಜೆಕ್ಟರ್ ಗಳಿಗೆ ಇಂಧನ ಹಂಚುವ ಕೊಳವೆ) ಒತ್ತಡ ಎರಡನ್ನೂ ಸೇರಿಸಿ ಕಳುಹಿಸಿ.

ಡೀಸೆಲ್ ದಾರಿಹೋಕ

ನನ್ನ ಡೀಸೆಲ್ ಜೀಪಿಗೂ ಬೂಸ್ಟ್ ಏರಿಸಿದ್ದೇನೆ, ಯಾವ ನಾಕ್ ಸಮಸ್ಯೆಯೂ ಇಲ್ಲ. ಪೆಟ್ರೋಲಿನವರು ಏಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?

ಹಳೆಯ ಪಿಸ್ಟನ್

ಡೀಸೆಲಿನಲ್ಲಿ ಕಿಡಿಯೇ ಇಲ್ಲ, ಇಂಧನ ಚಿಮ್ಮುವವರೆಗೆ ಒಳಗೆ ಉರಿಯಲು ಏನೂ ಇರುವುದಿಲ್ಲ. ಅಲ್ಲಿ ಗಾಳಿ ಹೆಚ್ಚಿದ್ದಷ್ಟು ಒಳ್ಳೆಯದು. ಪೆಟ್ರೋಲಿನಲ್ಲಿ ಕಿಡಿಗೂ ಮೊದಲೇ ಇಂಧನ ಒಳಗೆ ಬೆರೆತು ಕಾಯುತ್ತಿರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಿಮ್ಮ ಜೀಪಿನ ಎಕ್ಸಾಸ್ಟ್ ಉಷ್ಣತೆಗೆ ಒಂದು ಮೀಟರ್ ಹಾಕಿಸಿ.

ಕಲಿಯುವವ

ಎತ್ತರದ ಬಗ್ಗೆ ಒಂದು ಲೆಕ್ಕ ಮಾಡಿದೆ, ತಪ್ಪಿದ್ದರೆ ತಿದ್ದಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರ, ಗಾಳಿಯ ಒತ್ತಡ ಸುಮಾರು 0.91 ಬಾರ್. ಮಂಗಳೂರಿನಲ್ಲಿ 1.01. ಎರಡೂ ಕಡೆ 2.2 ಬಾರ್ ಒಟ್ಟು ಒತ್ತಡ ಬೇಕಾದರೆ ಕಂಪ್ರೆಸರ್ ಮಂಗಳೂರಿನಲ್ಲಿ 2.18 ಪಟ್ಟು ಅದುಮಬೇಕು, ಬೆಂಗಳೂರಿನಲ್ಲಿ 2.42 ಪಟ್ಟು. ಹೊರಗಾಳಿ 30 ಡಿಗ್ರಿ, ಕಂಪ್ರೆಸರ್ ದಕ್ಷತೆ ಶೇಕಡ 70 ಎಂದು ಹಿಡಿದರೆ ಟರ್ಬೊದಿಂದ ಹೊರಬರುವ ಗಾಳಿ ಮಂಗಳೂರಿನಲ್ಲಿ ಸುಮಾರು 138 ಡಿಗ್ರಿ, ಬೆಂಗಳೂರಿನಲ್ಲಿ 154. ಅದೇ ಬೂಸ್ಟ್, 16 ಡಿಗ್ರಿ ಹೆಚ್ಚು ಬಿಸಿ. ಹಾಗಾದರೆ ಘಟ್ಟ ಹತ್ತಿದಂತೆ ನಾಕ್ ಹೆಚ್ಚಬೇಕು, ಅಲ್ಲವೇ?

ಕಡಲತೀರ

ಲೆಕ್ಕ ಸರಿ. ಆದರೆ ನಡುವೆ ಅದುಮಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇದೆ, ಅದು ಈ ವ್ಯತ್ಯಾಸದ ಬಹುಪಾಲನ್ನು ತಿನ್ನುತ್ತದೆ. ಜೊತೆಗೆ ಮಂಗಳೂರಿನ ಮಧ್ಯಾಹ್ನ ಸಕಲೇಶಪುರಕ್ಕಿಂತ ಬಿಸಿ, ಹಾಗಾಗಿ ಇಲ್ಲಿ ಒಂದಷ್ಟು ಸಮವಾಗುತ್ತದೆ.

ಡೈನೊ ಕೋಣೆ

ಕಲಿಯುವವ ಅವರ ಲೆಕ್ಕ ನೋಡಿ ಸಂತೋಷವಾಯಿತು. ಇಂಟರ್‌ಕೂಲರ್ ತಿನ್ನುತ್ತದೆ, ಗಾಳಿ ಬೀಸುತ್ತಿದ್ದರೆ ಮಾತ್ರ. ಲಾರಿಯ ಹಿಂದೆ 15 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷ ತೆವಳಿದರೆ ಇಂಟರ್‌ಕೂಲರ್ ಸ್ವತಃ ಕಾದ ಬಾಣಲೆ. ಆಮೇಲೆ ಒಮ್ಮೆಲೇ ಪೂರ್ತಿ ಒತ್ತಿದ್ದಾರೆ. 64 ಡಿಗ್ರಿ ಬಂದದ್ದು ಅಲ್ಲಿಂದ.

ಇದಕ್ಕೆ ಮ್ಯಾಪಿನೊಳಗೇ ಪರಿಹಾರವಿದೆ. ಒಳಗಾಳಿ ಇಂತಿಷ್ಟು, ಉದಾಹರಣೆಗೆ 45 ಡಿಗ್ರಿ, ದಾಟಿದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಇಷ್ಟು ಬೂಸ್ಟ್ ಕಡಿತ ಎಂಬ ಕೋಷ್ಟಕ ಇಂದಿನ ಬಹುತೇಕ ಟರ್ಬೊ ಕಾರುಗಳ ಇಸಿಯುವಿನಲ್ಲಿ ಇರುತ್ತದೆ. ಕಂಪನಿಯವರು ಅದನ್ನು ಜಾಗ್ರತೆಯಿಂದ ತುಂಬಿರುತ್ತಾರೆ. ಡೈನೊ ಚೀಟಿಯಲ್ಲಿ ದೊಡ್ಡ ಅಂಕಿ ಬರಲೆಂದು ಕೆಲವರು ಆ ಕೋಷ್ಟಕವನ್ನೇ ಸೊನ್ನೆ ಮಾಡುತ್ತಾರೆ. ನಿಮ್ಮ ಟ್ಯೂನರಿಗೆ ಈ ಒಂದು ಪ್ರಶ್ನೆ ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಅವರ ಕೆಲಸ ತಿಳಿಯುತ್ತದೆ.

ಆಡುಗೋಡಿ ಕಿಡಿ

ಬೂಸ್ಟ್, ಟೈಮಿಂಗ್ ಎಂದು ಇಷ್ಟೊಂದು ಉತ್ತರ ಬಂದರೂ ಪ್ಲಗ್ಗಿನ ಮಾತು ಒಬ್ಬರೇ ಎತ್ತಿದ್ದು! ನಾನು ಮೈಕೋದಲ್ಲಿ (ಈಗಿನ ಬಾಷ್ ಕಂಪನಿ) ಕೆಲಸ ಮಾಡಿ ನಿವೃತ್ತನಾದವನು. ಸ್ಪಾರ್ಕ್ ಪ್ಲಗ್ ಎಂದರೆ ಮೈಕೋ ಪ್ಲಗ್ ಎಂದೇ ಹಳ್ಳಿಯ ಪಂಪ್‌ಸೆಟ್ಟಿನವರಿಂದ ಹಿಡಿದು ಎಲ್ಲರೂ ಹೇಳುತ್ತಿದ್ದ ಕಾಲ ಅದು.

ಒತ್ತಡ ಹೆಚ್ಚಿದಷ್ಟು ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. 0.8 ಮಿ.ಮೀ. ಅಂತರದಲ್ಲಿ ಸುಖವಾಗಿ ಹಾರುತ್ತಿದ್ದ ಕಿಡಿ ಬೂಸ್ಟ್ ಏರಿಸಿದ ಮೇಲೆ ಆರಿಹೋಗಬಹುದು. 0.65ರ ಆಸುಪಾಸಿಗೆ ತಂದರೆ ಸರಿಯಾಗುತ್ತದೆ. ಎರಡನೆಯದು ಶಾಖದ ಶ್ರೇಣಿ. ಬೂಸ್ಟ್ ಗಣನೀಯವಾಗಿ ಏರಿಸಿದರೆ ಒಂದು ಹೆಜ್ಜೆ ತಂಪು ಪ್ಲಗ್, ಅಂದರೆ ತುದಿಯ ಶಾಖವನ್ನು ಬೇಗ ಹೊರಸಾಗಿಸುವ ಪ್ಲಗ್, ಹಾಕಬೇಕು. ಪ್ಲಗ್ಗಿನ ತುದಿಯೇ ಕೆಂಡವಾದರೆ ಅದು ಕಿಡಿಗೂ ಮೊದಲು ಬೆಂಕಿ ಹಚ್ಚುತ್ತದೆ, ಆಗ ಟೈಮಿಂಗ್ ಕೋಷ್ಟಕದಲ್ಲಿ ಏನು ಬರೆದಿದ್ದರೂ ವ್ಯರ್ಥ.

ಬೂಸ್ಟ್ ಪ್ರಿಯ

ಮೈಕೋ ಹೆಸರು ಕೇಳಿ ಖುಷಿಯಾಯಿತು. ನಮ್ಮ ತಂದೆಯ ಸ್ಕೂಟರಿನ ಡಿಕ್ಕಿಯಲ್ಲಿ ಯಾವಾಗಲೂ ಒಂದು ಮೈಕೋ ಪ್ಲಗ್, ಒಂದು ಉಪ್ಪುಕಾಗದದ ತುಂಡು ಇರುತ್ತಿತ್ತು. ಶಾಲೆಗೆ ಬಿಡುವಾಗ ನಿಂತುಹೋದರೆ ರಸ್ತೆಬದಿಯಲ್ಲೇ ಪ್ಲಗ್ ಬಿಚ್ಚಿ ಉಜ್ಜಿ ಹಾಕುತ್ತಿದ್ದರು.

ವಿಷಯಕ್ಕೆ ಬರುತ್ತೇನೆ. ಹಳೆಯ ಸೂತ್ರ ಎಲ್ಲರಿಗೂ ಗೊತ್ತು: ಪ್ರತಿ ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿ ಕಿಡಿ ಕಡಿತ. ಇವರು ಏರಿಸಿರುವುದು 0.4 ಬಾರ್, ಅಂದರೆ ಸುಮಾರು 6 ಪಿಎಸ್‌ಐ. ಹಾಗಾದರೆ ಕಂಪನಿಯ ಟೈಮಿಂಗಿನಿಂದ 6 ಡಿಗ್ರಿ ಕಳೆದಿದ್ದರೆ ಸಾಕಲ್ಲವೇ?

ಡೈನೊ ಕೋಣೆ

ಅದು ಡಿಸ್ಟ್ರಿಬ್ಯೂಟರ್ ಕಾಲದ ಹೆಬ್ಬೆರಳ ಅಳತೆ. ಎಂಜಿನ್ ಮೊದಲ ಸಲ ಸ್ಟಾರ್ಟ್ ಮಾಡುವಾಗ ಸುರಕ್ಷಿತ ಆರಂಭಕ್ಕೆ ಒಳ್ಳೆಯದು, ಅಲ್ಲಿಯೇ ನಿಲ್ಲಬಾರದು. ಟಾರ್ಕ್ ತುದಿಯಲ್ಲಿರುವ 2,500ರಿಂದ 4,000 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಸಾಲದೇ ಹೋಗಬಹುದು, 5,500ರಲ್ಲಿ ಅಷ್ಟು ಬೇಡವಾಗಬಹುದು. ವೇಗ ಹೆಚ್ಚಿದಾಗ ಮೂಲೆಯ ಮಿಶ್ರಣಕ್ಕೆ ಸಿಡಿಯಲು ಸಮಯವೇ ಸಿಗುವುದಿಲ್ಲ. ಟ್ಯೂನರ್ ಹೇಳಿದ ‘ಎಲ್ಲ ಕಡೆ 4 ಡಿಗ್ರಿ’ ಎಂಬ ಮಾತು ನನಗೆ ಹಿಡಿಸದೇ ಇರುವುದು ಇದಕ್ಕೇ. ರೋಗ ಇರುವುದು ಒಂದು ಕೋಣೆಯಲ್ಲಿ, ಔಷಧ ಇಡೀ ಬೀದಿಗೆ.

ಗ್ಯಾರೇಜ್ ಚರಿತ್ರೆ

ಇದೇ ವಾದ ಕಾರ್ಖಾನೆಗಳ ಒಳಗೂ ನಡೆದಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಬಂದಾಗ ಕಂಪ್ರೆಷನ್ 10.25, ಮೇಲೆ ಟರ್ಬೊ. ನಾಕ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಗೆ ಸಿಂಪಡಿಸುತ್ತಿದ್ದರು. ಬಾಟಲಿ ತುಂಬಲು ಮಾಲೀಕರು ಮರೆಯುತ್ತಿದ್ದರು, ಕಾರು ಹೆಚ್ಚು ಕಾಲ ನಿಲ್ಲಲಿಲ್ಲ. 1978ರಲ್ಲಿ ಬ್ಯೂಕ್ ತನ್ನ ಟರ್ಬೊ ವಿ6ಗೆ ನಾಕ್ ಸೆನ್ಸರ್ ಹಾಕಿತು. ಸದ್ದು ಕೇಳಿದ ಕೂಡಲೇ ಕಿಡಿ ತಡ.

ಸ್ವೀಡನ್ನಿನ ಸಾಬ್ ಬೇರೆ ದಾರಿ ಹಿಡಿಯಿತು. ಅವರ ಎಂಜಿನಿಯರ್ ಪೆರ್ ಗಿಲ್‌ಬ್ರಾಂಡ್ ಅವರ ಕಾಲದಲ್ಲಿ, 1980ರ ದಶಕದ ಆರಂಭದಲ್ಲಿ ಬಂದ ಎಪಿಸಿ ವ್ಯವಸ್ಥೆ ನಾಕ್ ಕೇಳಿದರೆ ವೇಸ್ಟ್‌ಗೇಟ್ (ಎಕ್ಸಾಸ್ಟ್ ಅನಿಲವನ್ನು ಟರ್ಬೈನಿಗೆ ಹೋಗದಂತೆ ಬದಿಗೆ ಬಿಡುವ ಕವಾಟ) ತೆರೆದು ಬೂಸ್ಟನ್ನೇ ಇಳಿಸುತ್ತಿತ್ತು. ಅದರ ಧೈರ್ಯದ ಮೇಲೆ 900 ಟರ್ಬೊದ ಕಂಪ್ರೆಷನ್ 7.2ರಿಂದ 8.5ಕ್ಕೆ ಏರಿತು. ಯಾವ ಬಂಕಿನ ಪೆಟ್ರೋಲ್ ಹಾಕಿದರೂ ಎಂಜಿನ್ ತಾನೇ ಹೊಂದಿಕೊಳ್ಳುತ್ತಿತ್ತು. ಆ ಹಳೆಯ ಸಾಬ್‌ಗಳ ಬಗ್ಗೆ ನನಗಿರುವ ಗೌರವ ಇದರಿಂದಲೇ.

1988ರ ಫಾರ್ಮುಲಾ ಒನ್‌ನಲ್ಲಿ ಒಟ್ಟು ಒತ್ತಡಕ್ಕೆ 2.5 ಬಾರ್ ಮಿತಿ, ಇಂಧನಕ್ಕೆ 102 ಆಕ್ಟೇನ್ ಮಿತಿ. ಹೋಂಡಾದವರು ಶೇಕಡ 84 ಟೊಲ್ಯೂಯಿನ್ ಇದ್ದ ಇಂಧನವನ್ನು ಬಿಸಿ ಮಾಡಿ ಬಳಸಿದರು. ಆ ವರ್ಷದ 16 ಓಟಗಳಲ್ಲಿ 15 ಗೆದ್ದದ್ದು ಆ ಎಂಜಿನ್ ಇದ್ದ ಮೆಕ್ಲಾರೆನ್. ಬೂಸ್ಟ್ ಏರಿಸಲು ಅವಕಾಶ ಇಲ್ಲದಿದ್ದಾಗಲೇ ಅವರು ಕಿಡಿ ಮತ್ತು ಇಂಧನದಲ್ಲಿ ಅಷ್ಟು ಆಳಕ್ಕೆ ಇಳಿದರು.

ಕಲಿಯುವವ

ಇಂದಿನ ಕಾರುಗಳು ಬ್ಯೂಕ್ ದಾರಿಯೇ, ಸಾಬ್ ದಾರಿಯೇ?

ಗ್ಯಾರೇಜ್ ಚರಿತ್ರೆ

ಎರಡೂ. 4,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಮುಂದಿನ ಸರದಿ 30 ಮಿಲಿಸೆಕೆಂಡಿನಲ್ಲಿ ಬರುತ್ತದೆ. ಅಷ್ಟರೊಳಗೆ ಬೂಸ್ಟ್ ಇಳಿಸಲು ಸಾಧ್ಯವಿಲ್ಲ, ಕಿಡಿ ತಡ ಮಾಡಲು ಸಾಧ್ಯ. ಮೊದಲ ಪೆಟ್ಟಿಗೆ ಕಿಡಿ. ನಾಕ್ ಮುಂದುವರಿದರೆ ಆಮೇಲೆ ಬೂಸ್ಟ್ ಇಳಿಕೆ. ಘಟ್ಟದಾರಿ ಅವರ ಲಾಗಿನಲ್ಲಿ ಕಿಡಿ 7.5 ಡಿಗ್ರಿ ಬಿದ್ದರೂ ಒತ್ತಡ 2.18ರಲ್ಲೇ ನಿಂತಿದೆ. ನನಗೆ ಅಸಹಜ ಅನಿಸಿದ್ದು ಅದು.

ಮಿಷಿಗನ್ ಕನ್ನಡಿಗ

ಇನ್ನೊಂದು ಅಪಾಯ ಹೇಳಲೇಬೇಕು. ಘಟ್ಟದಲ್ಲಿ ಐದನೇ ಗೇರಿನಲ್ಲಿ 1,600 ಆರ್‌ಪಿಎಂಗೆ ಪೂರ್ತಿ ಒತ್ತುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಸಣ್ಣ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ವೇಗ, ಪೂರ್ತಿ ಭಾರದಲ್ಲಿ ಕಿಡಿಗೂ ಮೊದಲೇ ಹೊತ್ತಿಕೊಳ್ಳುವ ತೊಂದರೆ ಇದೆ. ಎಣ್ಣೆ ಮತ್ತು ಇಂಧನ ಬೆರೆತ ಹನಿಯೊಂದು ತಾನೇ ಉರಿಯುತ್ತದೆ. ಒಂದೇ ಪೆಟ್ಟಿಗೆ ಪಿಸ್ಟನ್ ಒಡೆಯಬಹುದು. ಕಿಡಿ ಇನ್ನೂ ಹಾರಿಯೇ ಇಲ್ಲದ್ದರಿಂದ ಟೈಮಿಂಗ್ ತಡ ಮಾಡಿ ಪ್ರಯೋಜನವಿಲ್ಲ. ಇಲ್ಲಿ ಉತ್ತರ ಒಂದೇ: ಕಡಿಮೆ ಆರ್‌ಪಿಎಂನಲ್ಲಿ ಬೂಸ್ಟ್ ಮಿತಿ. ಎಂಜಿನ್ ಎಣ್ಣೆಯ ಡಬ್ಬದ ಮೇಲೆ ಎಪಿಐ ಎಸ್‌ಪಿ ಎಂದಿರಲಿ. 2020ರಲ್ಲಿ ಬಂದ ಆ ದರ್ಜೆಯಲ್ಲಿ ಈ ತೊಂದರೆಯ ಪರೀಕ್ಷೆಯೂ ಸೇರಿದೆ.

ಬೂಸ್ಟ್ ಪ್ರಿಯ

ಇದನ್ನು ಒಪ್ಪುತ್ತೇನೆ. ನನ್ನ ಕಾರಿನಲ್ಲೂ 2,200ರ ಕೆಳಗೆ ಬೂಸ್ಟ್ ಕಟ್ಟಿಹಾಕಿಸಿದ್ದೇನೆ.

ನಿಯಮ ಮೊದಲು

ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೆನಪಿರಲಿ. ವಾರಂಟಿ, ವಿಮೆ ಎರಡಕ್ಕೂ ತೊಡಕಾಗುತ್ತದೆ. ಶಿರಾಡಿಯಂಥ ರಸ್ತೆಯಲ್ಲಿ ಪೂರ್ತಿ ಒತ್ತಿ ಲಾಗ್ ತೆಗೆಯುವುದು ಯಾರಿಗೂ ಕ್ಷೇಮವಲ್ಲ.

ಘಟ್ಟದಾರಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ರಸ್ತೆಯಲ್ಲಿ ಲಾಗ್ ತೆಗೆದದ್ದು ತಪ್ಪು, ನಿಯಮ ಮೊದಲು ಅವರು ಹೇಳಿದ್ದನ್ನು ಒಪ್ಪುತ್ತೇನೆ. ಈ ಬಾರಿ ಎಲ್ಲವನ್ನೂ ಡೈನೊ ಮೇಲೆಯೇ ಮಾಡಿಸಿದೆ.

ಮೊದಲು ಪ್ಲಗ್. ನಾಲ್ಕನ್ನೂ ಬಿಚ್ಚಿ ಕಿಟಕಿಯ ಬಳಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಒಂದು, ಎರಡು, ನಾಲ್ಕು ಸ್ವಚ್ಛ, ತಿಳಿ ಕಂದು. ಮೂರರ ಪಿಂಗಾಣಿಯಲ್ಲಿ ಏಳೆಂಟು ಕಪ್ಪು ಚುಕ್ಕಿ. ಬೆಳ್ಳಿ ಹೊಳಪು ಇಲ್ಲ. ಕೈ ನಡುಗಿತು. ಕಂಪ್ರೆಷನ್ ಪರೀಕ್ಷೆ ಮಾಡಿಸಿದೆ, ನಾಲ್ಕೂ ಸಮನಾಗಿ ಬಂದವು. ಬೋರ್‌ಸ್ಕೋಪ್ ಹಾಕಿ ನೋಡಿದಾಗಲೂ ಗೀರು ಇಲ್ಲ.

ಟ್ಯೂನರಿಗೆ ಉಷ್ಣತೆಯ ಕೋಷ್ಟಕದ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 70 ಡಿಗ್ರಿಯವರೆಗೆ ಕಡಿತ ತೆಗೆದಿರುವುದಾಗಿ ಒಪ್ಪಿಕೊಂಡರು. ಬೇರೆ ಕಡೆ ಹೋಗಿ ಮ್ಯಾಪ್ ಬದಲಿಸಿದೆ. ಈಗ ಒಟ್ಟು ಒತ್ತಡ ಗರಿಷ್ಠ 2.0 ಬಾರ್, 2,200 ಆರ್‌ಪಿಎಂ ಕೆಳಗೆ 1.6. ಮೂರರಿಂದ ನಾಲ್ಕೂವರೆ ಸಾವಿರದ ನಡುವೆ ಕಿಡಿ ಹಿಂದಿಗಿಂತ 2 ಡಿಗ್ರಿ ಮುಂಚೆ. ಒಳಗಾಳಿ 45 ದಾಟಿದರೆ ಬೂಸ್ಟ್ ತಾನಾಗಿ ಇಳಿಯುತ್ತದೆ. ಪ್ಲಗ್ ಒಂದು ಹೆಜ್ಜೆ ತಂಪು, ಅಂತರ 0.65. ಆಧಾರ 95 ಆಕ್ಟೇನ್.

ಡೈನೊ ಮೇಲೆ ಐದು ಸಲ ಬೆನ್ನಿಗೆ ಬೆನ್ನಿಗೆ ಓಡಿಸಿದರು. ಹಳೆಯ ಮ್ಯಾಪಿನಲ್ಲಿ ಮೂರನೇ ಗೇರಿನಲ್ಲಿ 60ರಿಂದ 100ಕ್ಕೆ ಮೊದಲ ಓಟ 4.7 ಸೆಕೆಂಡ್, ಐದನೆಯದು 5.4. ಹೊಸ ಮ್ಯಾಪಿನಲ್ಲಿ ಮೊದಲನೆಯದು 4.8, ಐದನೆಯದು 4.9. ನಾಕ್ ತಿದ್ದುಪಡಿ ಯಾವ ಸಿಲಿಂಡರಿನಲ್ಲೂ 1.5 ಡಿಗ್ರಿ ದಾಟಲಿಲ್ಲ.

ಡೈನೊ ಕೋಣೆ

ನಾಲ್ಕನೇ ದಶಾಂಶದವರೆಗೆ ಜಗಳವಾಡುವವರಿಗೆ ಈ ಲಾಗ್ ಕಳುಹಿಸುತ್ತೇನೆ. ಸಾವಿರ ಕಿ.ಮೀ. ಆದ ಮೇಲೆ ಮೂರನೇ ಪ್ಲಗ್ ಮತ್ತೆ ಬಿಚ್ಚಿ ನೋಡಿ. ಚುಕ್ಕಿ ಮೂರರಲ್ಲೇ ಬಂದಿದೆ ಎಂದರೆ ಆ ಸಿಲಿಂಡರಿನ ಇಂಜೆಕ್ಟರ್ ಸಿಂಪಡಿಕೆಯನ್ನೂ ಪರೀಕ್ಷಿಸಬೇಕು. ಮ್ಯಾಪ್ ಸರಿಯಾದ ಮಾತ್ರಕ್ಕೆ ಅದನ್ನು ಬಿಡಬೇಡಿ.

ಬೂಸ್ಟ್ ಪ್ರಿಯ

ಮೊದಲ ಓಟದಲ್ಲಿ ಹೋದದ್ದು 0.1 ಸೆಕೆಂಡ್, ಐದನೆಯದರಲ್ಲಿ ಬಂದದ್ದು ಅರ್ಧ ಸೆಕೆಂಡ್. ಘಟ್ಟದ ರಸ್ತೆಗೆ ಇದೇ ಸರಿ, ಒಪ್ಪಿದೆ. ಆದರೆ ದೊಡ್ಡ ಇಂಟರ್‌ಕೂಲರ್ ಹಾಕಿಸಿ 100 ಆಕ್ಟೇನಿಗೆ ಬೇರೆಯೇ ಒಂದು ಮ್ಯಾಪ್ ಇಟ್ಟುಕೊಂಡರೆ 2.2 ಮತ್ತೆ ಸಾಧ್ಯ. ಅದನ್ನು ಬೇರೆ ಎಳೆಯಲ್ಲಿ ಬರೆಯುತ್ತೇನೆ.

ಹಳೆಯ ಪಿಸ್ಟನ್

ಆ ಮೂರನೇ ಪ್ಲಗ್ ಎಸೆಯಬೇಡಿ. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ತಾರೀಕು ಮತ್ತು ಕಿ.ಮೀ. ಬರೆದು ಕಾರಿನಲ್ಲೇ ಇಟ್ಟಿರಿ. ಮುಂದಿನದನ್ನು ಬಿಚ್ಚಿದಾಗ ಪಕ್ಕದಲ್ಲಿಟ್ಟು ಹೋಲಿಸಲು ಬೇಕಾಗುತ್ತದೆ.

ಘಟ್ಟದಾರಿ

ಇಟ್ಟಿದ್ದೇನೆ. 68,412 ಎಂದು ಬರೆದಿದೆ.